ಬುಧವಾರ ಹುಟ್ಟಿದ ಮಗುವಿಗೆ ದುಃಖ ಕಟ್ಟಿಟ್ಟದ್ದೇ?

ಪ್ರಶ್ನೆ: ನಮ್ಮ ಮಗಳು ಹುಟ್ಟಿದ್ದು ಬುಧವಾರ. ಅವಳ ನರ್ಸರಿ ಪುಸ್ತಕದ ‘ಮಂಡೇಸ್ ಚೈಲ್ಡ್’ ಪದ್ಯದಲ್ಲಿ ಬುಧವಾರದ ಮಗುವಿನ ಪಾಲಿಗೆ ದುಃಖವೇ ತುಂಬಿದೆ. ಹಿಂದಿನವರು ನೋಡಿಯೇ ಹೇಳಿರಬೇಕಲ್ಲವೇ?

ಉತ್ತರ: ಇದನ್ನು ಕೇಳುವವರೆಲ್ಲ ಬುಧವಾರದ ಮಕ್ಕಳ ತಂದೆತಾಯಂದಿರೇ. ಸೋಮವಾರದ ಮಗುವಿಗೆ ಚೆಲುವಾದ ಮುಖ ಎಂಬ ಸಾಲಿಗೆ ಆಧಾರವೇನೆಂದು ಈವರೆಗೆ ಯಾರೂ ಕೇಳಿಲ್ಲ. ಎಷ್ಟೋ ಸಲ ಉತ್ತರಿಸಿಯಾಗಿದ್ದರೂ ‘ನೋಡಿಯೇ ಹೇಳಿರಬೇಕು’ ಎಂಬ ಮಾತು ಮತ್ತೆ ಮತ್ತೆ ತಲೆಯೆತ್ತುವುದರಿಂದ, ಈ ಸಲ ಅದನ್ನೇ ವಿವರವಾಗಿ ಪರಿಶೀಲಿಸೋಣ.

ಈ ಪದ್ಯ ಅಚ್ಚಾದದ್ದು 1830ರ ದಶಕದಲ್ಲಿ, ಇಂಗ್ಲೆಂಡಿನ ನೈರುತ್ಯ ಭಾಗದ ಡೆವನ್‌ಶೈರಿನ ನಂಬಿಕೆಗಳನ್ನೂ ಐತಿಹ್ಯಗಳನ್ನೂ ಕಲೆಹಾಕಿದ ಆನಾ ಎಲೈಜಾ ಬ್ರೇ ಅವರ ಗ್ರಂಥದಲ್ಲಿ. ಮುಂದೆ 1887ರಲ್ಲಿ ಅಮೆರಿಕದ ‘ಹಾರ್ಪರ್ಸ್ ವೀಕ್ಲಿ’ಯಲ್ಲಿ ಬಂದ ಪಾಠವನ್ನು ನೋಡಿದರೆ ದುಃಖ ಬುಧವಾರವನ್ನು ಬಿಟ್ಟು ಶುಕ್ರವಾರಕ್ಕೆ ಹೋಗಿದೆ, ದೂರ ಸಾಗಬೇಕಾದ ಗುರುವಾರದ ಮಗುವೂ ಹೊಟ್ಟೆಪಾಡಿಗೆ ದುಡಿಯಬೇಕಾದ ಶನಿವಾರದ ಮಗುವೂ ತಮ್ಮ ಫಲಗಳನ್ನು ಅದಲುಬದಲು ಮಾಡಿಕೊಂಡಿವೆ. ಮಕ್ಕಳನ್ನು ಗಮನಿಸಿ ಕಂಡುಕೊಂಡ ಸತ್ಯವಾಗಿದ್ದರೆ ಅದು ಹೀಗೆ ವಾರ ಬದಲಿಸುತ್ತಿರಲಿಲ್ಲ. ಪದ್ಯದ ಸಾಲುಗಳು ಎರಡೆರಡಾಗಿ ಅಂತ್ಯಪ್ರಾಸದಲ್ಲಿ ಜೋಡಿಯಾಗಿವೆ. ಯಾವ ವಾರಕ್ಕೆ ಯಾವ ಫಲವೆಂಬುದರಲ್ಲಿ ಪ್ರಾಸದ ಕೈವಾಡ ದೊಡ್ಡದು.

ಇಂಗ್ಲೆಂಡಿನದೇ ಒಂದು ಉದಾಹರಣೆ ತೆಗೆದುಕೊಳ್ಳಿ. ರಾಣಿ ಎರಡನೇ ಎಲಿಜಬೆತ್ ಹುಟ್ಟಿದ್ದು 1926ರ ಏಪ್ರಿಲ್ 21, ಬುಧವಾರ. 96 ವರ್ಷ ಬಾಳಿ, 70 ವರ್ಷ ಸಿಂಹಾಸನದಲ್ಲಿದ್ದ ಅವರಿಗೆ ದುಃಖವೇ ಇರಲಿಲ್ಲವೆಂದಲ್ಲ. ವಿಂಡ್ಸರ್ ಕೋಟೆಗೆ ಬೆಂಕಿ ಬಿದ್ದ 1992ನ್ನು ಅವರೇ ಘೋರ ವರ್ಷವೆಂದು ಕರೆದರು. ಆದರೆ ಅದೇ ವರ್ಷ ಪತ್ನಿಯಿಂದ ಬೇರೆಯಾದ ಅವರ ಮಗ ಚಾರ್ಲ್ಸ್ ಹುಟ್ಟಿದ್ದು 1948ರ ನವೆಂಬರ್ 14ರಂದು, ಪದ್ಯವು ನಗುಮೊಗವನ್ನೂ ಒಳ್ಳೆಯತನವನ್ನೂ ಧಾರಾಳವಾಗಿ ಕೊಟ್ಟಿರುವ ಭಾನುವಾರ. ಒಂದೇ ವರ್ಷದ ಸಂಕಟ ಬುಧವಾರದ ತಾಯಿಗೂ ಭಾನುವಾರದ ಮಗನಿಗೂ ಬಂತು.

ಇನ್ನೂ ಒಂದು ಸಂಗತಿಯಿದೆ. ರಾಣಿ ಹುಟ್ಟಿದ್ದು ಬೆಳಗಿನ ಜಾವ 2 ಗಂಟೆ 40 ನಿಮಿಷಕ್ಕೆ. ಮಧ್ಯರಾತ್ರಿಗೆ ದಿನ ಬದಲಾಗುವ ಅಲ್ಲಿನ ಲೆಕ್ಕದಲ್ಲಿ ಅದು ಬುಧವಾರ. ಸೂರ್ಯೋದಯದಿಂದ ಸೂರ್ಯೋದಯಕ್ಕೆ ವಾರವನ್ನು ಎಣಿಸುವ ನಮ್ಮ ಪಂಚಾಂಗದ ಲೆಕ್ಕದಲ್ಲಿ ಇನ್ನೂ ಮಂಗಳವಾರ, ಅಂದರೆ ಪದ್ಯದ ಪ್ರಕಾರ ಸೊಬಗು ತುಂಬಿದ ಮಗು. ಹಾಗೆಯೇ ಬೆಂಗಳೂರಿನ ಆಸ್ಪತ್ರೆಯಲ್ಲಿ ಗುರುವಾರ ನಸುಕಿನ 4 ಗಂಟೆಗೆ ಹುಟ್ಟುವ ಮಗುವಿಗೆ ಜನನ ಪ್ರಮಾಣಪತ್ರದಲ್ಲಿ ಗುರುವಾರದ ತಾರೀಖು, ಪಂಚಾಂಗದಲ್ಲಿ ಬುಧವಾರ, ಆ ಕ್ಷಣದ ಲಂಡನ್ನಿನ ಗಡಿಯಾರದಲ್ಲೂ ಬುಧವಾರವೇ. ಈ ಮಗುವಿನ ಸ್ವಭಾವ ಯಾವ ಲೆಕ್ಕಕ್ಕೆ ಕಟ್ಟುಬೀಳಬೇಕು? ಈಗಂತೂ ಸಿಸೇರಿಯನ್ನಿಗೆ ಮುಂಚಿತವಾಗಿಯೇ ದಿನ ಗೊತ್ತುಮಾಡುವುದರಿಂದ, ಇಂಗ್ಲೆಂಡಿನಲ್ಲಿ ಶನಿವಾರ, ಭಾನುವಾರಗಳಂದು ಹುಟ್ಟುವ ಮಕ್ಕಳೇ ಉಳಿದ ದಿನಗಳಿಗಿಂತ ಕಡಿಮೆ. ಆಪರೇಷನ್ ಥಿಯೇಟರಿನ ವೇಳಾಪಟ್ಟಿ ಮಗುವಿನ ಗುಣವನ್ನು ನಿರ್ಧರಿಸುವುದಿಲ್ಲ.

ಹುಟ್ಟಿದ ವಾರದಿಂದ ಅದೃಷ್ಟ ಹೇಳುವ ರೂಢಿ ಪದ್ಯಕ್ಕಿಂತ ಹಳೆಯದು, ಅದನ್ನು ಒಪ್ಪುತ್ತೇನೆ. ಥಾಮಸ್ ನ್ಯಾಶ್ ಎಂಬ ಲೇಖಕ 1594ರ ತನ್ನ ಕೃತಿಯಲ್ಲಿ, ಕೆಂಡದ ಮುಂದೆ ಮೊಣಕಾಲು ಕಾಯಿಸುತ್ತ ಕುಳಿತ ಮುದುಕಿಯರು ಹುಟ್ಟಿದ ವಾರದ ಫಲ ಹೇಳುತ್ತಿದ್ದುದನ್ನು ನೆನೆದಿದ್ದಾನೆ. ಯಾವ ವಾರ ಉಗುರು ತೆಗೆಯುತ್ತೀರಿ ಎಂಬುದರ ಬಗ್ಗೆ ಎಚ್ಚರವಿರಲೆಂದೂ ಆ ಮುದುಕಿಯರು ಎಳೆಯರಿಗೆ ಹೇಳುತ್ತಿದ್ದರಂತೆ.

ನೀವು ಕೇಳದಿದ್ದರೂ ಈ ಉಗುರಿನ ವಿಷಯ ಹೇಳದೆ ಬಿಡಲಾರೆ, ಏಕೆಂದರೆ ನಮ್ಮ ಮನೆಗಳಲ್ಲಿ ಇಂದಿಗೂ ನಡೆಯುವ ಮಾತು ಅದು. ಉಗುರಿಗೂ ಇಂಗ್ಲಿಷಿನಲ್ಲಿ ಒಂದು ವಾರಪದ್ಯವಿದೆ. ಶುಕ್ರವಾರ ಉಗುರು ತೆಗೆದರೆ ದುಃಖ ಎನ್ನುತ್ತದೆ ಅದು. ಲಕ್ಷ್ಮಿಯ ವಾರವೆಂದು ನಮ್ಮ ಅಜ್ಜಿಯಂದಿರೂ ಶುಕ್ರವಾರ ಉಗುರು ತೆಗೆಯಲು ಬಿಡುತ್ತಿರಲಿಲ್ಲ. ಮಂಗಳವಾರಕ್ಕೆ ಬಂದರೆ ಮಾತ್ರ ಇಬ್ಬರ ದಾರಿಯೂ ಬೇರೆ: ನಮ್ಮಲ್ಲಿ ಅಂದೂ ಉಗುರು ಮುಟ್ಟುವಂತಿಲ್ಲ, ಅವರ ಪದ್ಯದಲ್ಲಿ ಮಂಗಳವಾರ ತೆಗೆದ ಉಗುರು ಸಂಪತ್ತನ್ನು ತರುತ್ತದೆ.