ಆರ್ಕೇಡ್ ಮಾನಿಟರಿನ ಚಾಸಿಸ್ ಬದಲಾವಣೆ: ಯೋಕ್ ಹೊಂದಾಣಿಕೆಯ ಲೆಕ್ಕಾಚಾರ

1980ರ ದಶಕದ ಆರ್ಕೇಡ್ ಕ್ಯಾಬಿನೆಟ್ಟುಗಳಲ್ಲಿ ಎಲೆಕ್ಟ್ರೋಹೋಮ್ ಜಿ07, ವೆಲ್ಸ್-ಗಾರ್ಡ್ನರ್ ಕೆ7000 ಮುಂತಾದ 19 ಇಂಚಿನ ಬಣ್ಣದ ಮಾನಿಟರುಗಳು ಹೇರಳವಾಗಿದ್ದವು. ಇಂಥ ಮಾನಿಟರಿನಲ್ಲಿ ಪಿಕ್ಚರ್ ಟ್ಯೂಬ್, ಅದರ ಕುತ್ತಿಗೆಗೆ ತೊಡಿಸಿದ, ಎಲೆಕ್ಟ್ರಾನ್ ಕಿರಣವನ್ನು ಅಡ್ಡಕ್ಕೂ ಲಂಬಕ್ಕೂ ತಿರುಗಿಸುವ ಸುರುಳಿಗಳ ಡಿಫ್ಲೆಕ್ಷನ್ ಯೋಕ್, ಇವೆರಡನ್ನೂ ನಡೆಸುವ ಚಾಸಿಸ್ ಬೋರ್ಡ್ ಎಂಬ ಮೂರು ಭಾಗಗಳಿರುತ್ತವೆ. ಚಾಸಿಸ್ ಕೆಟ್ಟಾಗ ಅದೇ ಅಳತೆಯ ಪರದೆಗೆಂದು ಮಾರುವ ಇನ್ನೊಂದನ್ನು ತಂದು ಜೋಡಿಸಿದರೆ ಸಾಕೆಂದು ಹೊಸಬರು ಭಾವಿಸುವುದುಂಟು. ಆದರೆ ಪರದೆಯ ಅಳತೆ ಹೊಂದುವುದಕ್ಕೂ ವಿದ್ಯುತ್ತಿನ ಲೆಕ್ಕದಲ್ಲಿ ಹೊಂದುವುದಕ್ಕೂ ಬಹಳ ಅಂತರವಿದೆ.

ಬದಲಾವಣೆಗೆ ಕೈಹಾಕುವ ಮುನ್ನ ಅದು ನಿಜಕ್ಕೂ ಬೇಕೇ ಎಂದು ನೋಡಬೇಕು. ಚಿತ್ರ ಅಲುಗುವುದು, ಅಂಚು ಮಡಚಿಕೊಳ್ಳುವುದು, ಬಣ್ಣ ಬಂದು ಹೋಗುವುದು ಮುಂತಾದ ದೋಷಗಳಿಗೆ ಬಹುಪಾಲು ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಅಥವಾ ಕನೆಕ್ಟರ್ ಪಿನ್ನುಗಳ ಬುಡದಲ್ಲಿ ಬಿರುಕುಬಿಟ್ಟ ಬೆಸುಗೆ ಕಾರಣವಾಗಿರುತ್ತದೆ. ಬೋರ್ಡು ಸುಟ್ಟು ಕರಿಕಾಗಿದ್ದರೆ, ಅಥವಾ ಟ್ಯೂಬಿಗೆ ಬೇಕಾದ ಅಧಿಕ ವೋಲ್ಟೇಜನ್ನು ಒದಗಿಸುವ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ ಕೆಟ್ಟು ಅದಕ್ಕೆ ಬದಲಿ ಸಿಗದಿದ್ದರೆ ಮಾತ್ರ ಇಡೀ ಚಾಸಿಸ್ ಬದಲಿಸುವುದು ಸರಿ ಎಂಬುದು ನನ್ನ ಅಭಿಪ್ರಾಯ.

ಈಗ ಯೋಕಿನ ವಿಷಯ. ಅದರ ಅಡ್ಡ ಸುರುಳಿ ಚಾಸಿಸ್ಸಿನ ಔಟ್‌ಪುಟ್ ಹಂತದ ಒಂದು ಅಂಗವೇ ಆಗಿರುತ್ತದೆ. ಸಾಮಾನ್ಯ ಆರ್ಕೇಡ್ ಮಾನಿಟರು ಸೆಕೆಂಡಿಗೆ ಸುಮಾರು 15,700 ಅಡ್ಡಗೆರೆ ಎಳೆಯುವುದರಿಂದ ಒಂದು ಗೆರೆಗೆ ದೊರೆಯುವುದು ಸುಮಾರು 63.5 ಮೈಕ್ರೋಸೆಕೆಂಡ್, ಅದರಲ್ಲಿ ಕಿರಣವು ಬಲದಿಂದ ಎಡಕ್ಕೆ ಮರಳಲು 11–12 ಮೈಕ್ರೋಸೆಕೆಂಡ್ ಬೇಕಾಗುತ್ತದೆ. ಔಟ್‌ಪುಟ್ ಟ್ರಾನ್ಸಿಸ್ಟರು ಆಫ್ ಆದ ಕ್ಷಣದಲ್ಲಿ ಸುರುಳಿಯಲ್ಲಿ ಕೂಡಿದ್ದ ಶಕ್ತಿಯು ರಿಟ್ರೇಸ್ (ಕಿರಣ ಮರಳುವ ಹಂತದ) ಕೆಪಾಸಿಟರಿಗೆ ಹರಿದು, ಟ್ರಾನ್ಸಿಸ್ಟರಿನ ಮೇಲೆ ಬಿ ಪ್ಲಸ್‌ನ (ಚಾಸಿಸ್ಸಿನ ಮುಖ್ಯ ಡಿಸಿ ವೋಲ್ಟೇಜಿನ) ಸುಮಾರು ಎಂಟು ಪಟ್ಟು ಎತ್ತರದ ಪಲ್ಸ್ ಏಳುತ್ತದೆ. ಜಿ07ರಂತೆ ಬಿ ಪ್ಲಸ್ 120 ವೋಲ್ಟ್ ಇದ್ದರೆ ಈ ಪಲ್ಸ್ 900 ವೋಲ್ಟನ್ನು ಮೀರುತ್ತದೆ. ಈ ಜಾಗದಲ್ಲಿ 1500 ವೋಲ್ಟ್ ತಡೆಯುವ ಟ್ರಾನ್ಸಿಸ್ಟರುಗಳನ್ನು ಬಳಸುವ ರೂಢಿ ಬಂದಿರುವುದು ಇದರಿಂದಲೇ. ಹಳೆಯ ಯೋಕಿನ ಇಂಡಕ್ಟೆನ್ಸ್ (ಕರೆಂಟಿನ ಬದಲಾವಣೆಯನ್ನು ಸುರುಳಿ ತಡೆಯುವ ಗುಣ) ಹೊಸ ಚಾಸಿಸ್ ನಿರೀಕ್ಷಿಸುವುದಕ್ಕಿಂತ ತೀರ ಕಡಿಮೆಯಿದ್ದರೆ ಕರೆಂಟು ಹೆಚ್ಚುತ್ತದೆ, ಮರಳುವ ಕಾಲ ಕುಗ್ಗುತ್ತದೆ, ಪಲ್ಸ್ ಇನ್ನಷ್ಟು ಎತ್ತರಕ್ಕೆ ಏರುತ್ತದೆ. ಅದರ ಜೊತೆಗೇ ಟ್ಯೂಬಿನ ಆನೋಡಿನ (ಅಧಿಕ ವೋಲ್ಟೇಜ್ ತಲುಪುವ ತುದಿಯ) ವೋಲ್ಟೇಜೂ ಏರಿ, ಕೊನೆಗೆ ಟ್ರಾನ್ಸಿಸ್ಟರು ಸಾಯುತ್ತದೆ ಅಥವಾ ಅತಿ ವೋಲ್ಟೇಜಿನಿಂದ ಎಕ್ಸ್-ರೇ ಹೊಮ್ಮದಂತೆ ಕಾಯುವ ರಕ್ಷಣಾ ಸರ್ಕ್ಯೂಟು ಮಾನಿಟರನ್ನೇ ನಿಲ್ಲಿಸಿಬಿಡುತ್ತದೆ. ಇಂಡಕ್ಟೆನ್ಸ್ ಹೆಚ್ಚಿದ್ದರೆ ಚಿತ್ರದ ಅಗಲ ಕುಗ್ಗುತ್ತದೆ. ಲಂಬ ಸುರುಳಿಯ ಅಸಂಗತತೆ ಇಷ್ಟು ಅಪಾಯಕಾರಿಯಲ್ಲ. ಎತ್ತರ ಸಾಲದೆ ಹೋಗುತ್ತದೆ ಅಥವಾ ಲಂಬ ಔಟ್‌ಪುಟ್ ಭಾಗ ಬಿಸಿಯೇರುತ್ತದೆ.

ಆದ್ದರಿಂದ ಯೋಕನ್ನು ಚಾಸಿಸ್ಸಿನಿಂದ ಬಿಡಿಸಿ ಎರಡೂ ಸುರುಳಿಗಳನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಮಲ್ಟಿಮೀಟರಿನ ಓಮ್ ಅಳತೆಯು ಎರಡು ಸುರುಳಿಗಳಲ್ಲಿ ಯಾವುದು ಯಾವುದೆಂದು ಗುರುತಿಸಲು ಸಾಕು, ಆದರೆ ಹೊಂದಾಣಿಕೆಯನ್ನು ತೀರ್ಮಾನಿಸಲು ಇಂಡಕ್ಟೆನ್ಸ್ ಅಳೆಯುವ ಎಲ್‌ಸಿಆರ್ ಮೀಟರಿನಲ್ಲಿ ಮಿಲಿಹೆನ್ರಿಯ ಲೆಕ್ಕವೇ ಬೇಕು. ಹಳೆಯ ಯೋಕ್ ಹೊಂದದಿದ್ದಾಗ ಹೊಸ ಚಾಸಿಸ್ಸಿಗೆ ಸೇರಿದ ಯೋಕನ್ನೇ ಟ್ಯೂಬಿಗೆ ತೊಡಿಸಬಹುದು. ಹಾಗೆ ಮಾಡಿದರೆ ಪ್ಯೂರಿಟಿ (ಪ್ರತಿ ಕಿರಣವೂ ತನ್ನ ಬಣ್ಣದ ಚುಕ್ಕೆಗೇ ಬೀಳುವಂತೆ ಮಾಡುವುದು) ಮತ್ತು ಕನ್ವರ್ಜೆನ್ಸ್ (ಮೂರು ಬಣ್ಣಗಳ ಚಿತ್ರಗಳು ಒಂದರ ಮೇಲೊಂದು ಕೂಡುವಂತೆ ಮಾಡುವುದು) ಕೆಲಸವನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ಸಾಧ್ಯವಾದಷ್ಟೂ ಯೋಕಿಗೆ ಹೊಂದುವ ಚಾಸಿಸ್ಸನ್ನೇ ಹುಡುಕುವುದು ಮೇಲು.

ಟ್ಯೂಬಿನ ಹಿಂದೆ ಕೂರುವ ನೆಕ್ ಬೋರ್ಡಿನ ಸಾಕೆಟ್ಟು ಟ್ಯೂಬಿನ ಪಿನ್ನುಗಳ ಜೋಡಣೆಗೆ ಸರಿಹೊಂದಬೇಕು. ಟ್ಯೂಬಿನೊಳಗಿನ ಕ್ಯಾಥೋಡನ್ನು ಬಿಸಿಮಾಡುವ ಹೀಟರಿಗೆ ಸಾಮಾನ್ಯವಾಗಿ 6.3 ವೋಲ್ಟ್ ಬೇಕು. ಅದು ಫ್ಲೈಬ್ಯಾಕಿನಿಂದ ಪಲ್ಸ್ ರೂಪದಲ್ಲಿ ಬರುವುದರಿಂದ ಅಗ್ಗದ ಮೀಟರಿನ ಎಸಿ ಅಳತೆಯನ್ನು ನಂಬಬಾರದು. ಸಿಗ್ನಲ್ಲಿನ ಸ್ವಭಾವವೂ ಮುಖ್ಯ. ಡಾಂಕಿ ಕಾಂಗ್‌ನಂತಹ ನಿಂಟೆಂಡೋ ಆಟಗಳಲ್ಲಿ ಬಳಸಿದ ಸ್ಯಾನ್ಯೋ 20-ಇಜೆಡ್ ತಿರುವುಮುರುವಾದ ವಿಡಿಯೋ ಸಿಗ್ನಲ್ಲನ್ನು ಸ್ವೀಕರಿಸುತ್ತದೆ. ಅದರ ಬದಲಿಗೆ ಸಾಮಾನ್ಯ ಚಾಸಿಸ್ ಇಟ್ಟರೆ ಬಣ್ಣಗಳು ನೆಗೆಟಿವ್ ಫಿಲ್ಮಿನಂತೆ ಕಾಣುತ್ತವೆ, ಧ್ವನಿಯ ಆಂಪ್ಲಿಫೈಯರೂ ಆ ಮಾನಿಟರಿನಲ್ಲೇ ಇದ್ದುದರಿಂದ ಆಟ ಮೂಕವಾಗುತ್ತದೆ.

ವಿದ್ಯುತ್ತಿನ ಪೂರೈಕೆಯಲ್ಲಿ ನಮ್ಮ ದೇಶದ ಓದುಗರು ವಿಶೇಷ ಎಚ್ಚರ ವಹಿಸಬೇಕು. ಜಿ07 ಮತ್ತು ಕೆ7000 ಚಾಸಿಸ್ಸುಗಳ ಗ್ರೌಂಡು ಮೇನ್ಸಿನಿಂದ ಬೇರ್ಪಟ್ಟಿರುವುದಿಲ್ಲವಾದ್ದರಿಂದ ಅವುಗಳಿಗೆ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಕಡ್ಡಾಯ. 230 ವೋಲ್ಟನ್ನು 120ಕ್ಕೆ ಇಳಿಸುವ ಆಟೋಟ್ರಾನ್ಸ್‌ಫಾರ್ಮರು ಅಂಕಿಯನ್ನು ಸರಿಮಾಡುತ್ತದೆಯೇ ಹೊರತು ಮೇನ್ಸಿನಿಂದ ಬೇರ್ಪಡಿಸುವುದಿಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯಂತಹ ಮಾರುಕಟ್ಟೆಯಲ್ಲಿ ಕೊಳ್ಳುವಾಗ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಕೇಳಿ ತಿಳಿಯಬೇಕು.

ಹಳೆಯ ಚಾಸಿಸ್ ತೆಗೆಯುವಾಗ ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಟ್ಯೂಬಿನ ಹಿಂಬದಿಯ ಕಪ್ಪು ಲೇಪನಕ್ಕೆ ತಗುಲಿದ ಹೆಣೆದ ಗ್ರೌಂಡ್ ತಂತಿಗೆ ಕ್ಲಿಪ್ ಮಾಡಿದ, ಚೆನ್ನಾಗಿ ಇನ್ಸುಲೇಟ್ ಆದ ಸ್ಕ್ರೂಡ್ರೈವರನ್ನು ಆನೋಡ್ ತಂತಿಯ ತುದಿಯಲ್ಲಿರುವ ರಬ್ಬರ್ ಬಟ್ಟಲಿನಡಿ ತೂರಿಸಿ ಡಿಸ್ಚಾರ್ಜ್ ಮಾಡಬೇಕು. ಚಾರ್ಜ್ ತಾನಾಗಿ ಮತ್ತೆ ಕೂಡಿಕೊಳ್ಳುವುದರಿಂದ ಕೆಲವು ನಿಮಿಷ ಬಿಟ್ಟು ಇನ್ನೊಮ್ಮೆ ಮಾಡಬೇಕು. ಅನುಭವಿಗಳ ಮಾರ್ಗದರ್ಶನವಿಲ್ಲದೆ ಈ ಹಂತಕ್ಕೆ ಇಳಿಯಬೇಡಿ. ನೆಕ್ ಬೋರ್ಡನ್ನು ಅಲುಗಾಡಿಸದೆ ನೇರವಾಗಿ ಹಿಂದಕ್ಕೆ ಎಳೆಯಿರಿ. ಕುತ್ತಿಗೆಯ ಗಾಜು ಸೀಳಿದರೆ ಟ್ಯೂಬ್ ಸತ್ತಂತೆಯೇ. ಹೊಸದನ್ನು ಕೂರಿಸುವಾಗ ಆ ಹೆಣೆದ ಗ್ರೌಂಡ್ ತಂತಿಯನ್ನು ನೆಕ್ ಬೋರ್ಡಿಗೆ ಮರಳಿ ಜೋಡಿಸುವುದು ಮರೆಯುವಂತಿಲ್ಲ, ಏಕೆಂದರೆ ಅದಿಲ್ಲದಿದ್ದರೆ ಟ್ಯೂಬಿನೊಳಗಿನ ಸಣ್ಣ ಕಿಡಿಯೂ ವಿಡಿಯೋ ಟ್ರಾನ್ಸಿಸ್ಟರುಗಳ ಮೂಲಕವೇ ದಾರಿ ಹುಡುಕಿಕೊಳ್ಳುತ್ತದೆ.

ಮೊದಲ ಸಲ ಆನ್ ಮಾಡಿದಾಗ ಚಿತ್ರದ ಅಂದಕ್ಕಿಂತ ಮೊದಲು ಬಿ ಪ್ಲಸ್ ಅಳೆದು, ಆ ಚಾಸಿಸ್ಸಿನ ಕೈಪಿಡಿ ಹೇಳುವ ಮೌಲ್ಯಕ್ಕೆ ತರಬೇಕು. ಅನಂತರ ಹಿನ್ನೆಲೆಯ ಕಪ್ಪು ಬೂದಿಬಣ್ಣಕ್ಕೆ ತಿರುಗದಷ್ಟಕ್ಕೆ ಒಟ್ಟು ಹೊಳಪನ್ನು ನಿರ್ಧರಿಸುವ ಸ್ಕ್ರೀನ್ ವೋಲ್ಟೇಜನ್ನು ಹೊಂದಿಸಿ, ಫೋಕಸ್ ತಿದ್ದಿ, ಕೊನೆಗೆ ಅಗಲ ಮತ್ತು ಎತ್ತರಕ್ಕೆ ಬರಬೇಕು. ಮಾನಿಟರು ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ಬಿ ಪ್ಲಸ್ಸನ್ನು ಮತ್ತೆ ಅಳೆದು, ಅದು ಸರಿದಿದ್ದರೆ ಇದೇ ಕ್ರಮದಲ್ಲಿ ಮತ್ತೊಮ್ಮೆ ಹೊಂದಿಸಬೇಕು.