ಗಿರಣಿ ಅಂಗಳದ ದೀಪ ವಲಸೆ ಹಕ್ಕಿಗೆ ತೊಡಕೇ?

ಪ್ರಶ್ನೆ: ಗಂಗಾವತಿ ಹತ್ತಿರ ನಮ್ಮ ರೈಸ್ ಮಿಲ್ ಇದೆ. ಅಂಗಳದಲ್ಲಿ 200 ವ್ಯಾಟ್‌ನ ನಾಲ್ಕು ಫ್ಲಡ್ ಲೈಟ್ ರಾತ್ರಿಯಿಡೀ ಉರಿಯುತ್ತವೆ. ವಲಸೆ ಹಕ್ಕಿಗಳಿಗೆ ಇದರಿಂದ ತೊಂದರೆ ಅಂತಾರೆ. ಭತ್ತದ ಚೀಲ ಹೊರಗಿರುವಾಗ ದೀಪ ಆರಿಸುವುದು ಹೇಗೆ?

ಉತ್ತರ: ಆರಿಸುವ ಮಾತು ಆಮೇಲೆ, ಮೊದಲು ದೀಪ ಬಗ್ಗಿಸಿ. ಹಕ್ಕಿಗೆ ತೊಡಕಾಗುವುದು ಮುಖ್ಯವಾಗಿ ಮೇಲಕ್ಕೂ ಕಾಂಪೌಂಡ್ ಆಚೆಗೂ ಹೋಗುವ ಬೆಳಕು.

ತುಂಗಭದ್ರಾ ಹಿನ್ನೀರಿಗೆ ಬರುವ ಪಟ್ಟೆತಲೆ ಹೆಬ್ಬಾತು ರಾತ್ರಿಯೂ ಹಾರುತ್ತದೆ. ಸಣ್ಣ ಉಲಿಯಕ್ಕಿಗಳು ಹೆಚ್ಚಾಗಿ ರಾತ್ರಿಯೇ ಹಾರುತ್ತವೆ. ಮಂಜು ಅಥವಾ ಮೋಡ ಕೆಳಗಿಳಿದ ರಾತ್ರಿ ಬೆಳಕಿನ ಸೆಳೆತಕ್ಕೆ ಸಿಕ್ಕ ಹಕ್ಕಿ ಅಲ್ಲೇ ಸುತ್ತಿ ದಣಿಯುತ್ತದೆ, ತಂತಿಗೋ ಗಾಜಿಗೋ ಬಡಿಯುತ್ತದೆ. ಅಮೆರಿಕದ ಶಿಕಾಗೋದಲ್ಲಿ 2023ರ ಅಕ್ಟೋಬರ್‌ನಲ್ಲಿ ದೀಪ ಬೆಳಗುತ್ತಿದ್ದ ಒಂದೇ ಗಾಜಿನ ಕಟ್ಟಡಕ್ಕೆ ಬಡಿದು ಒಂದೇ ದಿನ ಸುಮಾರು ಸಾವಿರ ಹಕ್ಕಿ ಸತ್ತವು.

ಫ್ಲಡ್ ಲೈಟಿನ ಕ್ಲಾಂಪಿಗೆ ಎರಡು ಬದಿಯಲ್ಲೂ ಬೋಲ್ಟ್ ಇರುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ, ಸಡಿಲಿಸಿ, ಗಾಜು ನೆಲಕ್ಕೆ ಸಮಾನಾಂತರವಾಗುವಷ್ಟು ತಿರುಗಿಸಿ. ತೌಡು, ಹೊಟ್ಟಿನ ಧೂಳು ಕೂತು ಬೋಲ್ಟ್ ಕಚ್ಚಿರುತ್ತದೆ. ಮೊದಲು ಎಣ್ಣೆ ಬಿಡಿ, ಇಲ್ಲದಿದ್ದರೆ ಬೋಲ್ಟಿನ ತಲೆ ಮುರಿಯುತ್ತದೆ. ತಿರುಗಿಸಿದ ಮೇಲೆ ವೈರ್ ಒಳಹೋಗುವ ತುದಿ ಮೇಲಾಗಿದ್ದರೆ ಮಳೆನೀರು ಅದರಗುಂಟ ಇಳಿದು ಡ್ರೈವರ್ (ಎಲ್‌ಇಡಿಗೆ ತಕ್ಕ ಕರೆಂಟ್ ಕೊಡುವ ಒಳಭಾಗ) ಸುಡುತ್ತದೆ. ವೈರನ್ನು ಒಮ್ಮೆ ಕೆಳಗೆ ಜೋತುಬಿಟ್ಟು ಮತ್ತೆ ಮೇಲೆ ತನ್ನಿ, ನೀರು ಆ ಬಾಗಿನಿಂದಲೇ ತೊಟ್ಟಿಕ್ಕುತ್ತದೆ. ರಾತ್ರಿ ಗೇಟಿನಾಚೆ ನೂರು ಅಡಿ ನಡೆದು ತಿರುಗಿ ನೋಡಿ: ಎಲ್‌ಇಡಿ ಚುಕ್ಕಿಗಳು ಕಣ್ಣಿಗೆ ಕುಕ್ಕಿದರೆ ಇನ್ನೂ ಬಗ್ಗಿಸಬೇಕು.

ಬೆಳಕಿನ ವೃತ್ತ ಕಿರಿದಾಗುತ್ತದೆ, ಮೂಲೆ ಕತ್ತಲಾಗುತ್ತದೆ. ಹೆಚ್ಚಿನವರು ಇಲ್ಲೇ ಸೋತು ದೀಪವನ್ನು ಮತ್ತೆ ಮೇಲಕ್ಕೆ ತಿರುಗಿಸುತ್ತಾರೆ. ಹಾಗೆ ಮಾಡದೆ ಆ ಮೂಲೆಗೆ 50 ವ್ಯಾಟ್‌ನ ಇನ್ನೊಂದು ದೀಪ ಹಾಕಿ. ಡಬ್ಬಿಯ ಮೇಲೆ 6500 ಕೆಲ್ವಿನ್ ಇದ್ದರೆ ಬೇಡ; ಇದು ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಬೆಳಕು ಹಳದಿ. 3000 ಅಥವಾ ಅದಕ್ಕಿಂತ ಕಡಿಮೆಯದನ್ನು ಕೇಳಿ. ನೀಲಿ ಹೆಚ್ಚಿರುವ ಬಿಳಿ ಬೆಳಕು ಗಾಳಿಯಲ್ಲಿ ಬೇಗ ಚೆದುರುತ್ತದೆ. ಹಳದಿ ಬೆಳಕಿಗೆ ಹುಳದ ಕಾಟವೂ ಕಡಿಮೆ, ಪಕ್ಕದ ಗದ್ದೆಯವರೂ ಬೈಯುವುದಿಲ್ಲ.

ಚೀಲದ ಹತ್ತಿರದ ಒಂದು ದೀಪ ಬಿಟ್ಟು ಉಳಿದವನ್ನು ರಾತ್ರಿ ಹತ್ತು ಗಂಟೆಯ ಮೇಲೆ ಯಾರಾದರೂ ಓಡಾಡಿದಾಗ ಮಾತ್ರ ದೀಪ ಹೊತ್ತಿಸುವ ಸೆನ್ಸರ್‌ಗೆ ಬಿಡಿ. ಕಳ್ಳ ಬಂದಾಗ ಥಟ್ಟನೆ ಹೊತ್ತುವ ದೀಪವೇ ಹೆಚ್ಚು ಗಮನ ಸೆಳೆಯುತ್ತದೆ. ಸೆನ್ಸರ್ ಸುಮಾರು ಎಂಟು ಅಡಿ ಎತ್ತರದಲ್ಲಿರಲಿ, ಬಾಯ್ಲರ್ ಕಡೆಗೆ ಮುಖ ಬೇಡ; ಬಿಸಿಗಾಳಿ ಅಲುಗಿದರೂ ಅದು ದೀಪ ಹೊತ್ತಿಸುತ್ತದೆ. ಅಗ್ಗದ ಸೆನ್ಸರಿಗೆ ದೊಡ್ಡ ದೀಪಗಳನ್ನು ನೇರ ಕೊಟ್ಟರೆ ಒಳಗಿನ ರಿಲೇ (ಚಿಕ್ಕ ಸ್ವಿಚ್) ಅಂಟಿಕೊಂಡು ದೀಪ ಆರುವುದೇ ಇಲ್ಲ, ನಡುವೆ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟ್ ತಾಳುವ ದೊಡ್ಡ ಸ್ವಿಚ್) ಹಾಕಿಸಿ.

ಹಕ್ಕಿಗಳ ವಲಸೆಗೆ ಮುಖ್ಯವಾದ ತಿಂಗಳುಗಳು ಸೆಪ್ಟೆಂಬರ್‌ನಿಂದ ನವೆಂಬರ್, ಮತ್ತೆ ಫೆಬ್ರವರಿ ಕೊನೆಯಿಂದ ಏಪ್ರಿಲ್. ಹತ್ತಕ್ಕೆ ತಾನಾಗಿ ದೀಪ ಆರಿಸಲು ಟೈಮರ್ ಕೊಳ್ಳುವುದಾದರೆ ಬ್ಯಾಟರಿ ಇರುವುದನ್ನೇ ಕೊಳ್ಳಿ. ಬ್ಯಾಟರಿ ಇಲ್ಲದ್ದು ಕರೆಂಟ್ ಹೋದಷ್ಟು ಹೊತ್ತು ನಿಂತುಬಿಡುತ್ತದೆ, ವಾರದಲ್ಲಿ ಹತ್ತರ ಬದಲು ಹನ್ನೆರಡಕ್ಕೆ ದೀಪ ಆರಿಸುತ್ತದೆ.