‘ಗಾಯ ಒಣಗಿತಾ?’ ಅಂತ ಕೇಳಬೇಡಿ

ನಮ್ಮ ಕಡೆ ಗಾಯ ವಾಸಿಯಾಯಿತಾ ಅಂತ ಕೇಳುವವರು ಕಡಿಮೆ. ‘ಒಣಗಿತಾ?’ ಅಂತಲೇ ಕೇಳುತ್ತಾರೆ. ಆಸ್ಪತ್ರೆಯಲ್ಲಿ ಗಾಯ ನೋಡುವ ಡಾಕ್ಟರಾದ ನನ್ನ ಅರ್ಧ ತಲೆನೋವು ಈ ಒಂದು ಮಾತಿನಿಂದಲೇ. ಒಣಗಬೇಕು ಅಂದಮೇಲೆ ಒಣಗಿಸುತ್ತಾರೆ. ಸ್ಪಿರಿಟ್ ಸುರಿಯುತ್ತಾರೆ, ಪೌಡರ್ ಉದುರಿಸುತ್ತಾರೆ, ಫ್ಯಾನ್ ಕೆಳಗೆ ಗಾಯ ಬಿಚ್ಚಿಟ್ಟುಕೊಂಡು ಕೂರುತ್ತಾರೆ.

ಬೇಸಿಗೆಯಲ್ಲಿ ಒಬ್ಬ ಹುಡುಗ ಅಮ್ಮನ ಜೊತೆ ಬಂದ. ಅಂಥ ಬಿಸಿಲಲ್ಲೂ ತುಂಬುತೋಳಿನ ಶರ್ಟು, ಮಣಿಕಟ್ಟಿನ ಗುಂಡಿಯೂ ಹಾಕಿತ್ತು. ಡ್ರೆಸ್ಸಿಂಗ್ ರೂಮಿನ ನರ್ಸ್ ಬ್ರದರ್‌ಗೆ ಅಷ್ಟು ನೋಡಿದರೆ ಸಾಕು, ನನ್ನ ಕಡೆ ತಿರುಗಿ ಸುಮ್ನೆ ಹುಬ್ಬು ಏರಿಸಿದರು. ತೋಳು ಮಡಚಿದರೆ ಮುಂಗೈ ಮೇಲೆ ಅಂಗೈಯಗಲದ ಗಾಯ. ಮೇಲೆ ಪೌಡರ್ ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು. ಒತ್ತಿದರೆ ಅಂಚಿನಿಂದ ಕೀವು.

“ದಿನಾ ಎರಡು ಸಲ ಸ್ಪಿರಿಟ್ ಹಾಕಿ ಒರೆಸ್ತೀನಿ ಸಾರ್, ಆದ್ರೂ ಒಣಗ್ತಾನೇ ಇಲ್ಲ” ಅಂದರು ಅಮ್ಮ. ಅಕ್ಕಪಕ್ಕದವರಿಗೆ ಬೈಕಿಂದ ಬಿದ್ದ ಅಂತ ಹೇಳಿದ್ದರಂತೆ. ನನಗೂ ಮೊದಲು ಅದನ್ನೇ ಹೇಳಿದರು. ನಿಜಕ್ಕೂ ಅದು ನಶೆಗೆ ಸೂಜಿ ಚುಚ್ಚಿಕೊಂಡು ಆದ ಗಾಯ.

ಟ್ಯಾಪೆಂಟಡಾಲ್ ಅನ್ನುವುದು ನುಂಗಲು ಮಾಡಿದ ನೋವಿನ ಮಾತ್ರೆ. ಈ ಹುಡುಗರು ಅದನ್ನು ಪುಡಿ ಮಾಡಿ ಚುಚ್ಚಿಕೊಳ್ಳುತ್ತಾರೆ. ಮಾತ್ರೆ ತಯಾರಿಸುವಾಗ ಸೇರಿಸಿದ ಟಾಲ್ಕ್, ಸೆಲ್ಯುಲೋಸ್ ನೀರಲ್ಲಿ ಕರಗುವುದಿಲ್ಲ. ರಕ್ತನಾಳ ಕಟ್ಟಿಕೊಳ್ಳುತ್ತದೆ, ಸುತ್ತಲಿನ ಮಾಂಸ ಕೊಳೆಯುತ್ತದೆ. ಮಣಿಪುರ, ನಾಗಾಲ್ಯಾಂಡ್ ಕಡೆ ಹಿಂದೆ ಸ್ಪಾಸ್ಮೋ ಪ್ರಾಕ್ಸಿವಾನ್ ಅನ್ನುವ ನೋವಿನ ಕ್ಯಾಪ್ಸೂಲ್ ಚುಚ್ಚಿಕೊಂಡು ಕೈಕಾಲು ಕಳೆದುಕೊಂಡವರಿದ್ದಾರೆ. ರಕ್ತ ಸರಿಯಾಗಿ ಓಡಾಡದ ಇಂಥ ಕೈಯಲ್ಲಿ ಗಾಯ ಮೊದಲೇ ನಿಧಾನ. ಅದರ ಮೇಲೆ ಸ್ಪಿರಿಟ್ ಬೇರೆ.

ಬಂದವರಿಗೆಲ್ಲ ಹೇಳಿದ್ದನ್ನೇ ಇನ್ನೊಂದು ಸಲ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಹೊಸ ಚರ್ಮ ಗಾಯದ ಅಂಚಿನಿಂದ ಒಳಕ್ಕೆ ತೆವಳಿಕೊಂಡು ಬರುತ್ತದೆ. ಅದಕ್ಕೆ ತೇವ ಬೇಕು. ಒಣಗಿದ ಗದ್ದೆಯಲ್ಲಿ ಯಾರಾದರೂ ನಾಟಿ ಮಾಡುತ್ತಾರಾ? ಹಾಗಂತ ಕೆರೆಯೂ ಆಗಬಾರದು, ನೀರು ನಿಂತರೆ ಸುತ್ತಲಿನ ಒಳ್ಳೆಯ ಚರ್ಮ ಬೆಳ್ಳಗಾಗಿ ಕೊಳೆಯುತ್ತದೆ. 1962ರಲ್ಲೇ ಜಾರ್ಜ್ ವಿಂಟರ್ ಅನ್ನುವ ಸಂಶೋಧಕರು ಹಂದಿಗಳ ಮೇಲೆ ಇದನ್ನು ತೋರಿಸಿದ್ದರು. ಮುಚ್ಚಿ ತೇವವಾಗಿಟ್ಟ ಗಾಯದಲ್ಲಿ ಚರ್ಮ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಬೆಳೆಯಿತು, ಹಕ್ಕಳೆ ಕಟ್ಟಿದ ಗಾಯ ಹಿಂದೆ ಬಿತ್ತು. ನಮ್ಮ ಅಜ್ಜಿಯರ ಮಾತೇ ವಾಸಿ: ‘ಗಾಯ ಮಾಯ್ತು’ ಅನ್ನುತ್ತಿದ್ದರು. ಅದರಲ್ಲಿ ಒಣಗುವ ಸುದ್ದಿಯೇ ಇಲ್ಲ.

ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ನೊರೆ ಬರುತ್ತದಲ್ವಾ, ಎಲ್ಲರಿಗೂ ಖುಷಿ. ಕೊಳೆ ಹೋಯಿತು ಅಂದುಕೊಳ್ಳುತ್ತಾರೆ. ಕೊಳೆಯ ಜೊತೆ ಹೊಸದಾಗಿ ಹುಟ್ಟಿದ ಜೀವಕೋಶವೂ ಸಾಯುತ್ತದೆ. ಸಲೈನ್ ಸಾಕು. ಇಲ್ಲದಿದ್ದರೆ ಕುದಿಸಿ ಆರಿಸಿದ ನೀರು. ಮೇಲೆ ವ್ಯಾಸಲೀನ್ ಹಚ್ಚಿದ ಗಾಜ್ ಬಟ್ಟೆ (ಗಾಯಕ್ಕೆ ಹಾಕುವ ತೆಳು ಜಾಲರಿ ಬಟ್ಟೆ), ಅದರ ಮೇಲೆ ಹತ್ತಿ ಪ್ಯಾಡು, ಸಡಿಲವಾಗಿ ಬ್ಯಾಂಡೇಜು. ಬಿಚ್ಚುವಾಗ ಗಾಜ್ ಬಟ್ಟೆ ಅಂಟಿಕೊಂಡಿದ್ದರೆ ದಯವಿಟ್ಟು ಕೀಳಬೇಡಿ, ನೆನೆಸಿ. ಒಣಗಿದ್ದನ್ನು ಕಿತ್ತರೆ ಒಂದು ವಾರ ಬೆಳೆದ ಚರ್ಮ ಆ ಬಟ್ಟೆಯ ಜೊತೆಯಲ್ಲೇ ಬರುತ್ತದೆ.

ಇದನ್ನು ಓದಿ ಎಲ್ಲದಕ್ಕೂ ವ್ಯಾಸಲೀನ್ ಬಳಿಯಬೇಡಿ ಮತ್ತೆ. ಬೆರಳ ತುದಿ ಕಪ್ಪಾಗಿ ಒಣಗಿ ಸತ್ತಿದ್ದರೆ ಅದನ್ನು ಒಣದಾಗಿಯೇ ಇಡಬೇಕು, ಅದು ಬೇರೆ ಲೆಕ್ಕ. ಕೀವು ತುಂಬಿದ ಗಂಟಿಗೆ ಬರೀ ಮಾತ್ರೆ ನುಂಗಿದರೆ ಆಗುವುದಿಲ್ಲ, ಕೊಯ್ದು ತೆಗೆಯಬೇಕು. ಆದರೆ ಮನೆಯಲ್ಲಿ ಬ್ಲೇಡು ಹಾಕಬೇಡಿ. ಮೊಣಕೈ ಮಡಿಕೆಯ ಒಂದು ಗಂಟನ್ನು ಕೀವು ಅಂತ ನಮ್ಮ ಹೊಸ ಡಾಕ್ಟರೊಬ್ಬರು ಕೊಯ್ಯಲು ಹೊರಟಿದ್ದರು. ಬೆರಳಿಟ್ಟು ನೋಡಿದರೆ ದಬದಬ ಬಡಿಯುತ್ತಿತ್ತು, ಅಪಧಮನಿಯೇ ಉಬ್ಬಿತ್ತು. ಚುಚ್ಚಿದ ಕೂಡಲೇ ಬೆರಳು ಬಿಳಿಚಿಕೊಂಡರೆ, ಗಾಯ ಕಾಣುವುದಕ್ಕಿಂತ ನೋವು ಜಾಸ್ತಿ ಇದ್ದು ಊತ ಗಂಟೆ ಗಂಟೆಗೆ ಹರಡಿದರೆ, ಚಳಿಜ್ವರ ಬಂದರೆ ಆಗಲೇ ಆಸ್ಪತ್ರೆಗೆ ಬನ್ನಿ. ಧನುರ್ವಾಯುವಿನ ಚುಚ್ಚುಮದ್ದು, ಹೆಪಟೈಟಿಸ್, ಎಚ್ಐವಿ ಪರೀಕ್ಷೆ ಎಲ್ಲ ನಾವು ನೋಡಿಕೊಳ್ಳುತ್ತೇವೆ.

‘ಮೊದಲು ಚಟ ಬಿಡಲಿ, ಆಮೇಲೆ ಗಾಯ ನೋಡೋಣ’ ಅನ್ನುವ ಸಹೋದ್ಯೋಗಿಗಳೂ ಇದ್ದಾರೆ. ಗಾಯ ಕಾಯುವುದಿಲ್ಲ ಸ್ವಾಮಿ. ನಶೆ ಸಿಗದೆ ಮೈ ನಡುಗುತ್ತಿರುವ ಹುಡುಗನಿಗೆ ನೋವಿನ ವ್ಯವಸ್ಥೆ ಮಾಡದೆ ಡ್ರೆಸ್ಸಿಂಗಿಗೆ ಕೂರಿಸಿದರೆ ಅರ್ಧಕ್ಕೇ ಎದ್ದು ಹೋಗುತ್ತಾನೆ. ಬಿಡುವ ಮನಸ್ಸು ಬಂದಾಗ ಚಟ ಬಿಡಲು ನೆರವಾಗುವ ಬ್ಯುಪ್ರೆನಾರ್ಫಿನ್ ಔಷಧಿ ಕೊಡುವ ಕೇಂದ್ರಗಳಿವೆ, ನಶಾಮುಕ್ತಿ ಸಹಾಯವಾಣಿ 14446ಕ್ಕೆ ಉಚಿತವಾಗಿ ಫೋನ್ ಮಾಡಬಹುದು.

ನಮ್ಮ ತುಂಬುತೋಳಿನ ಹುಡುಗ ಗುರುವಾರ ಬಾ ಅಂದರೆ ಶನಿವಾರ ಬಂದ. ತೋಳಿಂದ ನೀರು ತೊಟ್ಟಿಕ್ಕುತ್ತಿತ್ತು. ಗಾಜ್ ಬಟ್ಟೆ ಕೀಳುವಾಗ ನೋಯಬಾರದು ಅಂತ ಬಸ್ಸಲ್ಲೇ ಬಾಟಲಿ ನೀರು ಸುರಿದುಕೊಂಡು ನೆನೆಸಿದ್ದನಂತೆ. ಪಕ್ಕದ ಸೀಟಿನ ಹೆಂಗಸು ಬೈದರಂತೆ. ಬ್ರದರ್ ಕೂಡ ಬೈದರು, ನೆಲ ಒರೆಸಿ ಈಗ ತಾನೇ ಮುಗಿದಿತ್ತು. ಗಾಜ್ ಬಟ್ಟೆ ಮಾತ್ರ ತಾನಾಗೇ ಜಾರಿ ಬಂತು.